ಹತ್ತಿ ಎಂಬ ಆನೆ

ಒಂದಂಗುಲ ಎತ್ತರದ ಮನುಷ್ಯನಿಗೆ ಮೀಸೆ ಬರೆಯಬೇಕಾದರೆ ಕುಂಚದಲ್ಲಿ ಎರಡೇ ಕೂದಲು ಉಳಿದಿರಬೇಕು, ಉಸಿರು ಬಿಗಿ ಹಿಡಿದಿರಬೇಕು, ಆ ಮನುಷ್ಯನ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಇರಬೇಕು. ಮೂರೂ ನನ್ನಲ್ಲಿವೆ. ನಲವತ್ತು ವರ್ಷ ಬೆಳಗಾವಿಯ ಅಂಗಡಿಗಳ ಬೋರ್ಡು, ಲಾರಿಗಳ ಬೆನ್ನು, ಗಾಡಿಗಳ ನಂಬರ್ ಪ್ಲೇಟು ಬರೆದ ಕೈ ಇದು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ನಿಂತ ಮೇಲೆ ಹಿಂದವಾಡಿಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಚಾಲುಕ್ಯರ ಕಾಲಾಳುಗಳಿಗೆ ಮೀಸೆ ಬರೆಯತೊಡಗಿದೆ. ಇನ್ನೂರ ನಲವತ್ತು ಜನ. ಒಬ್ಬನ ಮೀಸೆ ಇನ್ನೊಬ್ಬನಿಗಿಲ್ಲ. ಮೂರನೇ ಸಾಲಿನಲ್ಲಿ ನಮ್ಮ ಓಣಿಯ ಪೋಸ್ಟ್‌ಮನ್ ಈಟಿ ಹಿಡಿದು ನಿಂತಿದ್ದಾನೆ. ಪಾಪ, ಅವನಿಗೇ ಗೊತ್ತಿಲ್ಲ.

ಈ ಹುಚ್ಚು ಹಚ್ಚಿದವನು ಖಾನಾಪುರದ ನನ್ನ ಗೆಳೆಯ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಬೈಕಿಗೆ ನಂಬರ್ ಬರೆಸಲು ಬಂದು, ನಾನು ಬರೆಯುವುದನ್ನು ಒಂದು ತಾಸು ನಿಂತು ನೋಡಿ, ಕಿಸೆಯಿಂದ ಒಂದು ಪುಟ್ಟ ಸೈನಿಕನನ್ನು ತೆಗೆದು ನನ್ನ ಅಂಗೈ ಮೇಲೆ ಇಟ್ಟಿದ್ದ. ಯಾರೋ ಅಧಿಕಾರಿಯ ಕೈಕೆಳಗೆ ಇದ್ದಾಗ ಈ ಆಟ ಕಲಿತನಂತೆ. ಮೇಜಿನ ಮೇಲೆ ಹಳೇ ಕಾಲದ ಎರಡು ಸೈನ್ಯ ಹೂಡುವುದು, ದರ್ಜಿಯ ಟೇಪಿನಿಂದ ಅಳೆದು ನಡೆಸುವುದು, ದಾಳ ಹಾಕಿ ಸತ್ತವರನ್ನು ಎತ್ತಿಡುವುದು. ಮೈ ಮಾಡುವವನು ಅವನು: ಸುಟ್ಟ ಮೋಟರಿನ ತಾಮ್ರದ ತಂತಿ ಎಲುಬು, ನಲ್ಲಿ ಸೋರಿದರೆ ಮೆತ್ತುವ ಪುಟ್ಟಿ ಮಾಂಸ, ಕಸಬರಿಗೆಯ ಕಡ್ಡಿ ಈಟಿ. ಬಣ್ಣ ಬಳಿದು ಜೀವ ಕೊಡುವವನು ನಾನು. ಇದನ್ನು ನಾನೇ ಹೇಳಬೇಕು, ಅವನು ಎಂದೂ ಹೇಳಲಿಲ್ಲ.

ಗಡಿಯ ಜಗಳ ನಮಗೂ ತಪ್ಪಲಿಲ್ಲ. ಅವನ ಮನೆಮಾತು ಮರಾಠಿ. ನನ್ನೊಡನೆ ಮಾತ್ರ ಕನ್ನಡ.

"ಚಾಲುಕ್ಯರು ನಮ್ಮವರೂ ಹೌದಲೇ ಪೇಂಟರಾ," ಎಂದಿದ್ದ. "ಅರ್ಧಾ ರಾಜ್ಯ ನಮ್ಮ ಕಡೀಗೇ ಇತ್ತಲ್ಲ."

"ರಾಜ್ಯ ಎಲ್ಲಾರ ಇರಲಿ, ರಾಜಧಾನಿ ನಮ್ಮ ಕಡೀಗೈತಿ. ನೀ ಸುಮ್ಮ ಪಲ್ಲವರನ್ನ ತಗೋ. ಸೋಲಾಕ ಅಡ್ಡಿಯಿಲ್ಲ ನಿನಗ, ರೂಢಿ ಐತಿ."

ಹನ್ನೆರಡು ವರ್ಷ ಅವನು ಪಲ್ಲವರ ಕಡೆಯೇ ಆಡಿದ. ಸೋತಿದ್ದು ಹೆಚ್ಚಾಗಿ ನಾನು. ಅದನ್ನು ಬೆಳಗಾವಿಯಲ್ಲಿ ಯಾರಿಗೂ ಹೇಳಿಲ್ಲ.

ಮೊದಲ ವರ್ಷದ ಒಂದು ಮಾತು ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಕೆಟ್ಟಿದ್ದು. ಯಾವುದು ಎಷ್ಟು, ಯಾವ ಬಣ್ಣದವು ಬೇಕೆಂದು ಅವನು ಚೀಟಿ ಬರೆದು ಕಳಿಸಿದ್ದ. ಅದರಲ್ಲಿ ಕನ್ನಡ ಅಕ್ಷರದಲ್ಲಿ "ಹತ್ತಿ ಹತ್ತು, ಬೂದಿ ಬಣ್ಣ" ಎಂದಿತ್ತು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಖಾನಾಪುರದ ಬಸ್ಸಿನಲ್ಲಿ ಒಮ್ಮೆ ಕೂತವನಿಗೂ ಅದು ಗೊತ್ತು, ನನಗೆ ಗೊತ್ತಿಲ್ಲವೇ. ಆದರೂ ಹತ್ತು ಉಂಡೆ ಹತ್ತಿ ತಂದು, ಬೂದಿ ಬಣ್ಣ ಹಚ್ಚಿ, ದಾರದ ಸೊಂಡಿಲು, ಮಸಿಯ ಕಣ್ಣು ಇಟ್ಟು, ಮಿಠಾಯಿ ಡಬ್ಬಿಯಲ್ಲಿ ಜೋಡಿಸಿ ಒಯ್ದು ಕೊಟ್ಟೆ. ಡಬ್ಬಿ ತೆಗೆದು ಅವನು ಬಹಳ ಹೊತ್ತು ನೋಡಿದ. "ಇವು ಮಳ್ಯಾಗ ಯುದ್ಧ ಮಾಡೂದಿಲ್ಲ," ಎಂದ. ಅವನ ಹೆಂಡತಿ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದಳು. ಅಂದಿನಿಂದ ನಮ್ಮಿಬ್ಬರ ಮಧ್ಯೆ ಆನೆ ಎಂಬ ಮಾತೇ ಹೋಯಿತು. ಆನೆ ಎಂದರೆ ಹತ್ತಿ. ಹನ್ನೆರಡು ವರ್ಷ ಆ ಮನೆಯಲ್ಲಿ ಹತ್ತಿಗೆ ಬೇರೆ ಅರ್ಥ ಉಳಿಯಲಿಲ್ಲ.

ಹೋದ ಮಳೆಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ಮಾತು ಹೆಚ್ಚುಕಡಿಮೆ ಇರಲಿಲ್ಲ. ಬಾಯಿಯ ಬಲ ಮೂಲೆ ಇಳಿಬಿದ್ದು, ಗಾಳಿಯೇ ಹೆಚ್ಚು ಹೊರಬರುತ್ತಿತ್ತು. ಒಳಗಿನ ಕೋಣೆಯಲ್ಲಿ ಮಲಗಿಸಿದರು, ಏಕೆಂದರೆ ಹೊರಗಿನ ಕೋಣೆಯಲ್ಲಿ ಯುದ್ಧ ನಡೆದಿತ್ತು. ಎರಡು ಪ್ಲೈವುಡ್ ಹಲಗೆ ಕೂಡಿಸಿ ಹೂಡಿದ ಸೈನ್ಯ, ಅವನು ಬೀಳುವ ಹಿಂದಿನ ಭಾನುವಾರ ಎಲ್ಲಿಗೆ ಬಂದಿತ್ತೋ ಅಲ್ಲೇ ನಿಂತಿತ್ತು.

"ಭಾವೋಜಿ, ಇದನ್ನ ತೆಗದ್ರ ಕಾಟ್ ಇಲ್ಲಿ ಹಾಕಬಹುದಿತ್ತು," ಎಂದಳು ಅವನ ಹೆಂಡತಿ. "ಒಳಗ ಬೆಳಕಿಲ್ಲ. ಇಲ್ಲಿ ಕಿಡಕ್ಯಾಗ ರಸ್ತಾನಾರ ಕಾಣತೈತಿ."

"ತೆಗೀಬ್ಯಾಡ್ರಿ ವೈನಿ. ಆಟ ಅರ್ಧಾ ಬಿಟ್ಟು ಹೋಗೂ ಮನಷ್ಯಾ ಅಲ್ಲ ಅಂವ. ಇದರ ಸಲುವಾಗಿ ಎದ್ದು ಕುಂದರತಾನ ನೋಡ್ರಿ."

ನನ್ನ ಮಾತಿಗೆ ಅವಳು ತಲೆಬಾಗಿದಳು. ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದೆ.

ಅವನು ಎದ್ದು ಕೂಡುತ್ತಾನೋ ಇಲ್ಲವೋ ಎಂಬುದೊಂದೇ ಆಗ ನಮ್ಮಿಬ್ಬರ ಮುಂದಿದ್ದ ಪ್ರಶ್ನೆ. ನಾನು ವಾರಕ್ಕೊಮ್ಮೆ ಬಸ್ ಹಿಡಿದು ಹೋಗುತ್ತಿದ್ದೆ. ಜಾಂಬೋಟಿ ಕಡೆಯ ಮೋಡ ಖಾನಾಪುರದ ಮೇಲೆ ಕೂತು ಏಳುತ್ತಲೇ ಇರಲಿಲ್ಲ. ಮೂರನೇ ವಾರ ಹೋದಾಗ ಅವನು ನನ್ನನ್ನೇ ದಿಟ್ಟಿಸಿ, ಗಂಟಲಿನ ತಳದಿಂದ ಒಂದು ಮಾತು ಎತ್ತಿದ.

"ಹ... ತ್ತಿ."

ಹೆಂಡತಿ ನನ್ನ ಮುಖ ನೋಡಿದಳು. "ಏನ ಅನ್ನಾಕತ್ತ್ಯಾರ?"

"ಆನಿ ಕೇಳಾಕತ್ತಾನ್ರಿ," ಎಂದೆ. ನನ್ನ ಎದೆ ಎರಡು ಅಂಗುಲ ಉಬ್ಬಿತ್ತು. ಪಲ್ಲವ ಸೇನಾಪತಿಯ ಆನೆಯೊಂದು ಮಾಡುವುದು ಬಾಕಿ ಇತ್ತು. ಮೈ ಅವನು ಮಾಡಬೇಕಿತ್ತು, ಅಷ್ಟರಲ್ಲಿ ಬಿದ್ದುಬಿಟ್ಟಿದ್ದ. "ಬಾಕಿ ಐತ್ರಿ ಒಂದ. ಮರತಿಲ್ಲ ಮಗ."

ಅವನು ಎಡಗೈ ಎತ್ತಿ, ಎದೆಯ ಮೇಲಿಂದ ದಾಟಿಸಿ, ಬಲಗಿವಿಯ ಹತ್ತಿರ ಒಯ್ದು ಬೀಸಿದ. ಎರಡು ಸಲ. "ಹತ್ತಿ."

"ಕಿವಿ ದೊಡ್ಡೂ ಬೇಕಂತ," ಎಂದು ನಾನು ವಿವರಿಸಿದೆ. "ಮೊರದಂಥಾವು."

ಹಿಂದವಾಡಿಗೆ ಬಂದು ಆ ಆನೆಯ ಮೈಯನ್ನೂ ನಾನೇ ಮಾಡಿದೆ. ನನ್ನ ಜೀವನದಲ್ಲಿ ಮೊದಲ ಸಲ ಪುಟ್ಟಿ ಹಿಡಿದದ್ದು. ಕಾಲು ಗಿಡ್ಡ ಆದವು, ಬೆನ್ನು ಎಮ್ಮೆಯ ಬೆನ್ನಿನಂತಾಯಿತು, ಆದರೆ ಕಿವಿಗಳು ಯಾರೂ ಮಾಡದಂಥವು ಆದವು. ಮುಂದಿನ ವಾರ ಬಣ್ಣವಿಲ್ಲದ ಆನೆಯನ್ನು ಒಯ್ದು ತೋರಿಸಿದೆ. ಅವನು ಅದನ್ನು ನೋಡಲಿಲ್ಲ. ನನ್ನನ್ನು ನೋಡಿ ಅದೇ ಮಾತು, ಮತ್ತೆ ಕೈ ಕಿವಿಯ ಕಡೆ.

"ಇನ್ನೂ ದೊಡ್ಡೂ ಬೇಕೇನಲೇ? ಹಾರಿ ಹೋದೀತು."

ಅವನ ಎಡಗಣ್ಣಿನಿಂದ ನೀರು ಇಳಿಯಿತು. "ಖುಷಿಗೆ ನೋಡ್ರಿ," ಎಂದು ಅವನ ಹೆಂಡತಿಗೆ ಹೇಳಿದೆ. ಕೋಣೆಯಲ್ಲಿ ಏನೋ ಕೊಳೆತ ವಾಸನೆ ಇತ್ತು. ಮಳೆಯಿಂದ ಹಾಸಿಗೆ ಒಣಗುತ್ತಿಲ್ಲ ಎಂದಳು ಅವಳು. ದಿಂಬಿನ ಮೇಲಿನ ಹಳದಿ ಕಲೆಯನ್ನು ಜೊಲ್ಲು ಎಂದುಕೊಂಡಿದ್ದೆವು.

ಹೋಗಿ ಕಿವಿಗಳನ್ನು ಇನ್ನೂ ದೊಡ್ಡದು ಮಾಡಿದೆ. ಮೊದಲು ಕಾವಿ ಬಣ್ಣ, ಆಮೇಲೆ ಬೂದಿ, ಅದರ ಮೇಲೆ ತಿಳಿಗಪ್ಪು ನೀರು ಹರಿಸಿ ಚರ್ಮದ ಸುಕ್ಕು ತೆಗೆದೆ. ಬೆನ್ನಿಗೆ ಹೊದಿಸಿದ ಕೆಂಪು ಜೂಲಿಗೆ ಬಂಗಾರದ ಅಂಚು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದವನು ಗಣಪತಿಯ ಮುಂದೆ ಇಡುವುದಕ್ಕಾ ಎಂದು ಕೇಳಿದ; ಪಲ್ಲವರಿಗೆ ಎಂದೆ. ಅವನು ಬೇರೆ ಸೀಟು ನೋಡಿಕೊಂಡ.

ಅಂದು ಮನೆಯಲ್ಲಿ ಒಬ್ಬಳು ನರ್ಸ್ ಇದ್ದಳು. ಕಾಕತಿಯ ಹುಡುಗಿ, ಮೂತ್ರದ ನಳಿಗೆ ಬದಲಿಸಲು ಮೊದಲ ಸಲ ಬಂದವಳು. ನಾನು ಆನೆಯನ್ನು ಅವನ ಕಣ್ಣಿನ ಮುಂದೆ ಹಿಡಿದು, ಸೊಂಡಿಲು ಮೇಲೆ ಮಾಡಿ, ಬಾಯಲ್ಲೇ ಆನೆಯಂತೆ ಘೀಳಿಟ್ಟೆ. ಅವನು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ, "ಹತ್ತಿ," ಎಂದ.

ನರ್ಸ್ ನಮ್ಮ ಕಡೆ ನೋಡಲೂ ಇಲ್ಲ. ತನ್ನ ಚೀಲದಿಂದ ಒಂದು ತುಣುಕು ಹತ್ತಿ ಹರಿದು ತೆಗೆದಳು. "ಎಲ್ಲಿಗೆ ಬೇಕ್ರಿ ಅಜ್ಜಾ?"

ಅವನ ಎಡಗೈ ಎದ್ದು ಬಲಗಿವಿಗೆ ಹೋಯಿತು. ಅವಳು ದಿಂಬು ಸರಿಸಿ, ತಲೆ ಹೊರಳಿಸಿ, ಬಗ್ಗಿ ನೋಡಿ, ಸೀರೆಯ ಸೆರಗನ್ನು ಮೂಗಿಗೆ ಹಿಡಿದಳು. ಆ ಕಿವಿಯ ತುಂಬ ಕೀವು ಇತ್ತು. ಹೊರಗೆ ಹರಿದು, ಒಣಗಿ, ಮತ್ತೆ ಹರಿದಿತ್ತು.

"ಎಷ್ಟ ದಿನಾತ್ರಿ ಇದು?" ಎಂದು ಕೇಳಿದಳು. ನಾನು ಆನೆಯನ್ನು ಬೆನ್ನ ಹಿಂದೆ ಹಿಡಿದೆ. "ಕೇಳಿಲ್ಲೇನ್ರಿ ಇವರು?"

"ಕೇಳಿದಾರ," ಎಂದಳು ಅವನ ಹೆಂಡತಿ.

"ನಮಗ... ಅಂವ ಮರಾಠಿ ಮಂದಿ," ಎಂದೆ ನಾನು. "ಮರಾಠ್ಯಾಗ ಹತ್ತಿ ಅಂದ್ರ..."

"ತುಟಿ ಕೂಡಸಾಕ ಬರೂದಿಲ್ಲ ಇವರಿಗೆ. ಪ, ಬ, ಮ ಹೊಂಡೂದಿಲ್ಲ," ಎಂದಳು ನರ್ಸ್, ಕಿವಿ ಒರೆಸುತ್ತಲೇ.

ಹೆಂಡತಿ ಗೋಡೆಗೆ ಒರಗಿದಳು. "ಕಾಪೂಸ ಅನ್ನಾಕ ಆಗಿಲ್ಲ ಅವರಿಗೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಹತ್ತಿಗೆ ಅವರ ಮಾತಿನಲ್ಲಿ ಕಾಪೂಸ. ಅದು ಬಾಯಿಂದ ಹೊರಡದಾಗ ಅವನು ಹುಡುಕಿ ಹುಡುಕಿ ನನ್ನ ಭಾಷೆಯ ಮಾತು ತೆಗೆದಿದ್ದ, ತುಟಿ ಬೇಡದ ಮಾತು. ಅದಕ್ಕೇ ಪ್ರತಿ ಸಲ ನನ್ನ ಕಡೆಗೆ ನೋಡಿಯೇ ಹೇಳುತ್ತಿದ್ದ. ಅಲ್ಲಿ ಕನ್ನಡದವನು ನಾನೊಬ್ಬನೇ. ನಾನು ಮಾತ್ರ ಅದನ್ನು ಮರಾಠಿಯಲ್ಲಿ ಕೇಳಿಸಿಕೊಂಡೆ, ಏಕೆಂದರೆ ನನ್ನ ಚೇಷ್ಟೆಯಿಂದಲೇ ಹನ್ನೆರಡು ವರ್ಷ ನಮ್ಮಿಬ್ಬರಲ್ಲಿ ಆ ಮಾತಿಗೆ ಆನೆ ಎಂದೇ ಅರ್ಥವಾಗಿತ್ತು.

ಅವನನ್ನು ಬೆಳಗಾವಿಯ ಆಸ್ಪತ್ರೆಗೆ ತಂದು ಹನ್ನೊಂದು ದಿನ ಇಟ್ಟರು. ಕಿವಿಯ ತಮಟೆ ಹೋಗಿತ್ತು, ಹಿಂದಿನ ಎಲುಬಿಗೂ ಕೀವು ಹತ್ತಿತ್ತು. ಎರಡು ವಾರ ಮೊದಲೇ ತಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಕಾಗದದ ಮೇಲೆ ಬರೆಯುತ್ತಿದ್ದರು. ಬರೆಯುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದು ದಿನವೂ ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದೆ. ಯಾರನ್ನೂ ಕೆಣಕಲಿಲ್ಲ. ನನ್ನ ಹೆಂಡತಿ ಹೆದರಿ ನನಗೂ ಬಿ.ಪಿ. ನೋಡಿಸಿದಳು.

ಅವನು ಬದುಕಿ ಮನೆಗೆ ಹೋದ. ಆ ಕಿವಿ ಹೋಯಿತು. ಇದ್ದ ಒಂದೆರಡು ಮಾತೂ ಹೋದವು. ಹೋದವೋ, ಅವನೇ ಬಿಟ್ಟನೋ, ಗೊತ್ತಿಲ್ಲ. ನರ್ಸ್ ಅವನಿಗೆ ಕಣ್ಣಿನ ಭಾಷೆ ಕಲಿಸಿದ್ದಾಳೆ: ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ಅವನಿಗೆ ಏನು ಬೇಕೆಂದು ಈಗ ನಾನು ಯಾರಿಗೂ ಹೇಳುವುದಿಲ್ಲ, ಕೇಳುತ್ತೇನೆ.

ದೀಪಾವಳಿಗೆ ಮೊದಲು ಹೋದಾಗ ಕೇಳಿದೆ. ಎಡಗಡೆಗೆ ಕೂತು, ಚೆನ್ನಾಗಿರುವ ಕಿವಿಯ ಹತ್ತಿರ ಬಾಯಿ ಒಯ್ದು, "ಹವಾಲ್ದಾರ, ಆಟ ಮುಗಸೂಣೇನು? ದಾಳ ನೀ ಹೇಳಿದಾಗ ಹಾಕತೀನಿ."

ಎರಡು ಸಲ ಮುಚ್ಚಿದ.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅದನ್ನೇ ಮರಾಠಿಯಲ್ಲಿ ಕೇಳಿದೆ. ನನ್ನ ಮರಾಠಿ ಕೇಳಿದರೆ ಮೊದಲೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದ. ನಿಧಾನವಾಗಿ, ಒಂದೊಂದೇ ಸಲ, ಮತ್ತೆ ಎರಡು ಸಲ ಮುಚ್ಚಿದ.

"ಹಂಗಾದ್ರ ಹಲಗಿ ತೆಗದು ನಿನ್ನ ಕಾಟ್ ಹೊರಗ ಹಾಕೂಣೇನು? ಕಿಡಕಿ ಕಡೆ?"

ಒಮ್ಮೆ ಮುಚ್ಚಿದ. ತೆರೆದು, ಬಾಗಿಲ ಕಡೆ ನೋಡಿದ.

ಇನ್ನೂರ ನಲವತ್ತು ಚಾಲುಕ್ಯರನ್ನೂ ಅವನ ಪಲ್ಲವರನ್ನೂ ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಲು ಮಧ್ಯಾಹ್ನದ ತನಕ ಹಿಡಿಯಿತು. ಯಾರು ಎಲ್ಲಿ ನಿಂತಿದ್ದರು ಎಂದು ಬರೆದಿಟ್ಟುಕೊಳ್ಳಲಿಲ್ಲ. ಪಕ್ಕದ ಮನೆಯ ಇಬ್ಬರು ಬಂದು ಕಾಟ್ ಎತ್ತಿ ತಂದರು. ನಾನು ಅವನ ತಲೆಯ ಕಡೆ ಹಿಡಿದಿದ್ದೆ. ಕಿಟಕಿಯ ಹತ್ತಿರ ಇಟ್ಟಾಗ ರಸ್ತೆಯಲ್ಲಿ ಒಂದು ಕಟ್ಟಿಗೆಯ ಲಾರಿ ಹೋಗುತ್ತಿತ್ತು. ಅವನು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಆಮೇಲೆ ಇನ್ನೊಂದಕ್ಕೆ ಕಾದ.

ನನ್ನ ಕಡೆ ತಿರುಗಲಿಲ್ಲ.

"ಕುಂದರ್ರಿ ಭಾವೋಜಿ, ಚಾ ಮಾಡತೇನಿ," ಎಂದಳು ಅವನ ಹೆಂಡತಿ. ನಾನು ಅವನ ಕಾಲ ಬಳಿ, ಕಿಟಕಿಗೆ ಅಡ್ಡ ಬರದಂತೆ, ನೆಲದ ಮೇಲೆ ಕೂತೆ.