ಭಾನುವಾರ ಕತ್ತರಿಸಿದ ಬೇರು

ನಾಸಿಕದ ಕಾಲೇಜೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದೆ. ಅಷ್ಟು ವರ್ಷಗಳಲ್ಲಿ ಈರುಳ್ಳಿಯ ಬೇರನ್ನು ನನಗಿಂತ ಚೆನ್ನಾಗಿ ಬಲ್ಲವರನ್ನು ಒಬ್ಬರನ್ನೇ ಕಂಡೆ. ಅವರು ನಮ್ಮ ಪ್ರಯೋಗಾಲಯದ ಅಟೆಂಡರ್ ಶಿವರಾಯರು. ಬೀದರ ಜಿಲ್ಲೆಯ ಭಾಲ್ಕಿಯ ಕಡೆಯವರು. ಓದಿದ್ದು ಏಳನೆಯ ತರಗತಿಯವರೆಗೆ. ಆ ಕಾಲೇಜಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ.

ವಿದ್ಯಾರ್ಥಿಗಳಿಗೆ ಜೀವಕೋಶ ಒಡೆದು ಎರಡಾಗುವುದನ್ನು ತೋರಿಸಲು ಈರುಳ್ಳಿಯ ಬೇರಿನ ತುದಿ ಬೇಕು. ಶಿವರಾಯರು ಸಂತೆಗೆ ಹೋಗಿ, ಸಟಾಣಾ ಊರಿನಿಂದ ಬಂದ ಈರುಳ್ಳಿ ರಾಶಿಯಲ್ಲಿ ಒಂದೊಂದರ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ ಆರಿಸಿ ತರುತ್ತಿದ್ದರು. ನೀರು ತುಂಬಿದ ಬಾಟಲಿಯ ಬಾಯಿಗೆ ಕೂರಿಸಿದರೆ ಮೂರನೆಯ ದಿನಕ್ಕೆ ಬಿಳಿಯ ಬೇರು ಇಳಿಯುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ತುದಿ ಕತ್ತರಿಸುತ್ತಿದ್ದರು.

"ಈ ವ್ಯಾಳ್ಯಾಕ್ಕ ಇವು ಕೆಲಸಕ್ಕ ಹತ್ತತಾವ್ರಿ ಸರ್. ನಮ್ಮ ಪ್ರೊಫೆಸರ್ ಮಂದಿಗಿಂತ ಉಳ್ಳಾಗಡ್ಡೀನ ಛಲೋ, ಟೈಮಿಗಿ ಬರ್ತದ" ಎನ್ನುತ್ತಿದ್ದರು.

೧೯೮೬ರ ಡಿಸೆಂಬರಿನಲ್ಲಿ ಪ್ರಯೋಗಾಲಯ ಸಹಾಯಕನ ಹುದ್ದೆಯೊಂದು ತೆರವಾಯಿತು. ಶಿವರಾಯರಿಗೆ ಅದು ಸಿಗಬೇಕಾದರೆ ನನ್ನ ವರದಿ ಚೆನ್ನಾಗಿರಬೇಕಿತ್ತು. ಅವರ ಹೆಂಡತಿ ಪಾರ್ವತಿಬಾಯಿ ಆಗಲೇ, ಸಹಾಯಕರು ತೊಡುವ ಬಿಳಿಯ ಕೋಟು ಹೊಲಿಸಲು ಬಟ್ಟೆ ತಂದಿಟ್ಟಿದ್ದರು.

ಅದೇ ತಿಂಗಳು, ವಿಕಿರಣ ತಗುಲಿದ ಜೀವಕೋಶಗಳನ್ನು ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕೆಂದು ನನಗೆ ಹುಮ್ಮಸ್ಸು ಬಂತು. ಔರಂಗಾಬಾದಿನಲ್ಲಿ ನನ್ನ ಸಹಪಾಠಿ ರಘೋತ್ತಮ ವಿಕಿರಣ ಕೊಡುವ ಯಂತ್ರವೊಂದರ ಬಳಿ ಕೆಲಸದಲ್ಲಿದ್ದ. ಶಿವರಾಯರು ಆರು ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಹೋದರು. ಕೆಂಪು ದಾರ ಕಟ್ಟಿದ ಮೂರಕ್ಕೆ ಶುಕ್ರವಾರ ಮಧ್ಯಾಹ್ನ ವಿಕಿರಣ ಕೊಡಿಸಿದರು. ಬಿಳಿಯ ದಾರದ ಮೂರು ಹೋಲಿಕೆಗಾಗಿ ಸುಮ್ಮನೆ ಜೊತೆಗೆ ಹೋಗಿ ಬಂದವು.

ಶನಿವಾರ ಬೆಳಿಗ್ಗೆ ನೋಡಿದೆ. ಬಿಳಿಯ ದಾರದ ಬೇರುಗಳಲ್ಲಿ ಎಂದಿನಂತೆ ವಿಭಜನೆ ನಡೆದಿತ್ತು. ಕೆಂಪು ದಾರದವುಗಳಲ್ಲಿ ಒಂದು ಕೋಶವೂ ಒಡೆಯುತ್ತಿರಲಿಲ್ಲ.

"ಸತ್ತವು. ಎಸೆದುಬಿಡಿ" ಎಂದೆ.

"ಸತ್ತದ್ದು ಹಿಂಗ ಗಟ್ಟಿ ಇರ್ತದೇನ್ರಿ? ಬೇರು ಮೆತ್ತಗಾಗಿಲ್ಲ, ನೋಡ್ರಿ."

ನಾನು ನಕ್ಕು ಮನೆಗೆ ಹೋದೆ.

ಸೋಮವಾರ ನನ್ನ ಮೇಜಿನ ಮೇಲೆ ಎರಡು ಹೊಸ ಸ್ಲೈಡುಗಳಿದ್ದವು. ಭಾನುವಾರ ರಜೆಯಿದ್ದರೂ ಅವರು ಬಂದು, ಎರಡೂ ಬಗೆಯ ಬೇರುಗಳ ತುದಿ ಕತ್ತರಿಸಿ, ಬಣ್ಣ ಹಾಕಿ, ವರ್ಷಗಟ್ಟಲೆ ಕೆಡದಂತೆ ಮೇಲೆ ಗಾಜು ಅಂಟಿಸಿ, ಆಮೇಲೆ ನಾನು ಹೇಳಿದಂತೆ ಈರುಳ್ಳಿ ಎಸೆದಿದ್ದರು. ಕೆಂಪು ದಾರದ ಸ್ಲೈಡನ್ನು ನೋಡಿದರೆ ಎಲ್ಲೆಡೆ ವಿಭಜನೆ ನಡೆದಿದೆ!

"ಬಾಟಲಿ ಅದಲುಬದಲು ಮಾಡಿದ್ದೀರಿ" ಎಂದೆ.

"ಇಲ್ಲರಿ ಸರ್. ದಾರ ನಾನಾ ಕಟ್ಟೀನಿ."

"ಹಾಗಾದರೆ ಕಟ್ಟುವಾಗಲೇ ತಪ್ಪಿದೆ."

"ಇನ್ನೊಮ್ಮಿ ನೋಡ್ರಿ. ಕೋಶದಾಗ ಬಾಜೂಕ್ಕ ಸಣ್ಣ ಮಣಿ ಕಾಣ್ತಾವ. ಬಿಳಿ ದಾರದ್ರಾಗ ಅವು ಇಲ್ಲ."

"ಮಣಿಯಲ್ಲ ಶಿವರಾಯ್, ಅದು ಕಸ. ಗಾಜು ತೊಳೆದಿಲ್ಲ ನೀವು."

ನಾನು ಮತ್ತೆ ಕಣ್ಣಿಟ್ಟು ನೋಡಲಿಲ್ಲ. ಅಂದು ಸಂಜೆಯೇ ವರದಿ ಬರೆದೆ. ಪ್ರಾಮಾಣಿಕರು, ಶ್ರಮಜೀವಿಗಳು ಎಂದೆಲ್ಲ ಹೊಗಳಿ, ಕೊನೆಗೆ 'ಕೆಲಸದಲ್ಲಿ ಎಚ್ಚರಿಕೆ ಸಾಲದು' ಎಂದು ಸೇರಿಸಿದೆ. ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ಶಿವರಾಯರು ತಾವೇ ಕೇಳಿಕೊಂಡು ಕಚೇರಿಗೆ ವರ್ಗವಾದರು. ನಿವೃತ್ತಿಯವರೆಗೂ ಗಂಟೆ ಬಾರಿಸಿದರು; ಪ್ರಯೋಗಾಲಯದ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಮುಂದೆ ಹೊಸ ಪಠ್ಯಪುಸ್ತಕಗಳು ಬಂದವು. ವಿಕಿರಣದಿಂದ ಡಿಎನ್‌ಎಗೆ ಪೆಟ್ಟು ಬಿದ್ದರೆ ಜೀವಕೋಶ ಕೂಡಲೇ ಸಾಯಲೇಬೇಕೆಂದಿಲ್ಲ. ಅದು ವಿಭಜನೆಯ ಹೊಸ್ತಿಲಲ್ಲಿ ತಡೆದು ನಿಲ್ಲುತ್ತದೆ, ಮುರಿದದ್ದನ್ನು ಕೂಡಿಸಿಕೊಳ್ಳುತ್ತದೆ, ಆಮೇಲೆ ಮತ್ತೆ ಒಡೆಯತೊಡಗುತ್ತದೆ. ಕೂಡಿಕೊಳ್ಳದೆ ಉಳಿದ ಚೂರುಗಳು ಕೋಶಕೇಂದ್ರದ ಪಕ್ಕದಲ್ಲಿ ಪುಟ್ಟ ಗುಂಡುಗಳಾಗಿ ಕಾಣುತ್ತವೆ. ಇದನ್ನು ಎರಡು ವರ್ಷ ತರಗತಿಯಲ್ಲಿ ಪಾಠ ಮಾಡಿದರೂ ನನಗೆ ಶಿವರಾಯರ ನೆನಪಾಗಲಿಲ್ಲ. ೧೯೯೭ರಲ್ಲಿ ನಿವೃತ್ತನಾಗಿ ಕಪಾಟು ತೆರವು ಮಾಡುವಾಗ ಆ ಎರಡು ಸ್ಲೈಡುಗಳು ಸಿಕ್ಕವು. ಒಂದರ ಮೇಲೆ 'ಭಾನುವಾರ, ಕೆಂಪು ದಾರ' ಎಂದು ಶಿವರಾಯರ ಅಕ್ಷರ. ಸೂಕ್ಷ್ಮದರ್ಶಕದಡಿ ಇಟ್ಟೆ. ಕೋಶ ಕೋಶದಲ್ಲೂ ಮಣಿ. ಬಿಳಿಯ ದಾರದ ಸ್ಲೈಡಿನಲ್ಲಿ ಹುಡುಕಿದರೂ ಒಂದಿಲ್ಲ. ಅದು ವಿಕಿರಣ ತಗುಲಿದ್ದ ಈರುಳ್ಳಿಯದೇ ಬೇರು. ಬಾಟಲಿ ಬದಲಾಗಿರಲಿಲ್ಲ.

ಮರುವಾರವೇ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೇಳಿ ಪಡೆದು ಔರಂಗಾಬಾದಿಗೆ ಹೊರಟೆ. ಶಿವರಾಯರು ಅಲ್ಲಿ ಮಗಳು ಗುಣವತಿಯ ಮನೆಯ ಹತ್ತಿರ ಎರಡು ಕೋಣೆ ಹಿಡಿದಿದ್ದರು. ಪಾರ್ವತಿಬಾಯಿ ಚಹಾ ಕೊಟ್ಟು ನಗುತ್ತ ದೂರು ಹೇಳಿದರು:

"ನಿಮ್ಮ ಶಿಷ್ಯನ್ನ ನೋಡ್ರಿ ಸರ್. ಮನಿಗಿ ಕೀಲಿ ಹಾಕಿ ಮೂರು ಸರ್ತಿ ತಿರುಗಿ ಬಂದು ಜಗ್ಗಿ ನೋಡ್ತಾರ. ಬಾಜಿಗಿ ಉಪ್ಪ ಹಾಕಿ, ಹಾಕೀನೇನಂತ ನನಗ ಕೇಳ್ತಾರ. ಮದಲ ಹಿಂಗಿದ್ದಿಲ್ಲರಿ ಇವರು!"

ನಾನು ಸ್ಲೈಡು ಜೋಡಿಸಿದೆ. ಶಿವರಾಯರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.

"ಮಣಿ ಅದಾವ್ರಿ" ಎಂದರು.

"ಹೌದು. ಅಂದು ನೀವು ಹೇಳಿದ್ದೇ ಸರಿ. ನಾನು ನೋಡಲಿಲ್ಲ. ತಪ್ಪು ನನ್ನದು."

ಅವರು ತಲೆಯೆತ್ತಲಿಲ್ಲ. "ನಾ ಬದಲ್ ಮಾಡಿದ್ದಿಲ್ಲಂತ ಮದಲಿಗಿ ಖಾತ್ರಿ ಇತ್ರಿ. ಆಮ್ಯಾಲ, ಓದಿದವರು ನೀವು ಹೇಳೀರಿ ಅಂದ ಮ್ಯಾಲ ಮಾಡಿರಬೇಕು ಅನ್ಸಾಕ ಹತ್ತಿತು. ಹನ್ನೊಂದು ವರ್ಷ ತಲ್ಯಾಗ ದಿನಾ ಆ ಬಾಟಲಿ ಬದಲ್ ಮಾಡೀನ್ರಿ. ಎಲ್ಲಿ ತಪ್ಪೀನಿ ಅಂತ ಸಿಗಲೇ ಇಲ್ಲ."

ಪಾರ್ವತಿಬಾಯಿಯ ನಗು ನಿಂತಿತು. ಹುದ್ದೆ ತಪ್ಪಿಸಿದೆನೆಂದಷ್ಟೇ ತಿಳಿದು ನಾನು ಕ್ಷಮೆ ಕೇಳಲು ಬಂದಿದ್ದೆ. ಅಷ್ಟು ಒಳ್ಳೆಯ ಕಣ್ಣುಗಳಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆನೆಂದು ಆಗ ತಿಳಿಯಿತು.

ಬಸ್ ನಿಲ್ದಾಣದವರೆಗೆ ನನ್ನನ್ನು ಕಳಿಸಲು ದಂಪತಿಗಳಿಬ್ಬರೂ ಹೊರಟರು. ಶಿವರಾಯರು ಬೀಗ ಹಾಕಿ, ನನ್ನ ಕೈಯಿಂದ ಸೂಕ್ಷ್ಮದರ್ಶಕದ ಪೆಟ್ಟಿಗೆ ತೆಗೆದುಕೊಂಡು ಹತ್ತು ಹೆಜ್ಜೆ ನಡೆದರು. ಆಮೇಲೆ ನಿಂತರು. ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟು, ತಿರುಗಿ ಹೋಗಿ ಬೀಗ ಜಗ್ಗಿ ನೋಡಿದರು. ಈ ಸಲ ಪಾರ್ವತಿಬಾಯಿ ಅವರನ್ನು ಛೇಡಿಸಲಿಲ್ಲ. ನಾವಿಬ್ಬರೂ ಅವರು ಬರುವವರೆಗೆ ಕಾಯುತ್ತ ನಿಂತೆವು.