ಅಂಚು ಹೊರಗಿದ್ದ ಗಾಲಿ

ಬಸವಕಲ್ಯಾಣದ ನಮ್ಮ ಸಣ್ಣ ವಸ್ತುಸಂಗ್ರಹಾಲಯದಲ್ಲಿ ರೈಲು ಎಂಜಿನ್ನಿನ ಹಳೆಯ ಮಾದರಿಗಳ ಒಂದು ಕಪಾಟಿದೆ. ರೈಲೇ ಬಾರದ ಊರಿಗೆ ಇಷ್ಟೊಂದು ಎಂಜಿನ್ ಯಾಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಅವುಗಳನ್ನು ದುರಸ್ತಿ ಮಾಡುವುದು, ಯಾರು ಮಾಡಿದ್ದು ಎಂದು ಹುಡುಕುವುದು ನನ್ನ ಕೆಲಸ. ಕೀಲಿ ಕೊಟ್ಟರೆ ಓಡುವ ತಗಡಿನ ವಿಲಾಯತಿ ಎಂಜಿನ್ನುಗಳ ನಡುವೆ ಹಿತ್ತಾಳೆಯದೊಂದಿತ್ತು, ಮೊಳದುದ್ದ. ನಮ್ಮಲ್ಲಿಗೆ ಬರುವ ಮೊದಲು ಯಾರೋ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ, ಸರಿಯಾಗಿ ತೊಳೆಯದೆ, ಮೂಲೆಗಳನ್ನೆಲ್ಲ ಹಸಿರುಗಟ್ಟಿಸಿದ್ದರು. ಆ ಪುಣ್ಯಾತ್ಮರು ಕೈಗೆ ಸಿಕ್ಕಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಮೆತ್ತನೆಯ ಕುಂಚ, ಹತ್ತಿ ಹಿಡಿದು ಹಸಿರು ತೆಗೆಯುತ್ತ ಹೋದಾಗ ಗಾಲಿ ಕಂಡು ನನ್ನ ಕೈ ನಿಂತಿತು. ಹಳಿಯಿಂದ ಜಾರದಂತೆ ರೈಲಿನ ಗಾಲಿಗೆ ಒಂದು ಬದಿಯಲ್ಲಿ ಎದ್ದ ಅಂಚಿರುತ್ತದೆ. ಆ ಅಂಚು ಯಾವಾಗಲೂ ಹಳಿಗಳ ಒಳಬದಿಗೆ. ಇದರದು ಹೊರಗಿತ್ತು. ಯಾರೋ ಬಿಚ್ಚಿ ತಿರುವುಮುರುವಾಗಿ ಜೋಡಿಸಿರಬೇಕು ಎಂದುಕೊಂಡೆ. ಅದೂ ಅಲ್ಲ. ಗಾಲಿಯ ಹೊರಮೈಯಲ್ಲಿ ಅರದಿಂದ ತೀಡಿದ ಹೂವಿನ ಎಸಳುಗಳಿದ್ದವು, ಅಂಚೂ ಅದೇ ಮೈಗಿತ್ತು; ತಿರುವಿ ಹಾಕಿದ್ದರೆ ಹೂವು ಒಳಬದಿಗೆ ಅಡಗಬೇಕಿತ್ತು. ಮಾಡಿದವರೇ ಹಾಗೆ ಮಾಡಿದ್ದರು.

ಸಂಗ್ರಹಾಲಯದ ಹೊಸ ಕೋಣೆಯ ಉದ್ಘಾಟನೆಯಲ್ಲಿ ಅದನ್ನು ಹಳಿಯ ಮೇಲೆ ಓಡಿಸಿ ತೋರಿಸಬೇಕೆಂದು ನಮ್ಮ ಸಾಹೇಬರ ಆಸೆ.

"ಲೇಥಿಗೆ ಕೊಡ್ರಿ, ಹೊಸಾ ಗಾಲಿ ಹಾಕಿಸ್ರಿ," ಅಂದರು.

"ಮಾಡಿದವರು ಯಾರಂತ ತಿಳಿಯೋತನಕ ಗಾಲಿ ಮುಟ್ಟಂಗಿಲ್ರಿ," ಅಂದೆ.

"ತಪ್ಪಿಗೂ ಗಾಜಿನ ಪೆಟ್ಟಿಗಿ ಮಾಡಸ್ತಾರೇನ್ರೀ?"

ನನಗೆ ಮೈಯೆಲ್ಲ ಉರಿದುಹೋಯಿತು. ಉದ್ಘಾಟನೆ ಹತ್ತಿರ ಬರುವವರೆಗೆ ಕಾಯುತ್ತೇನೆ, ಆಮೇಲೆ ಲೇಥಿಗೇ ಕೊಡುವುದು ಎಂದು ಅವರು ಎದ್ದುಹೋದರು.

ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ಎಲೆಯ ಮುದ್ರೆಯಿತ್ತು. ಆ ಎಲೆ ನನಗೆ ಗೊತ್ತಿತ್ತು. ನಮ್ಮ ಅತ್ತೆ ಹುಮನಾಬಾದಿನಿಂದ ತಂದ, ನಾನು ದಿನಾ ತೊಳೆದು ಬೋರಲು ಹಾಕುವ ಕೊಡದ ತಳದಲ್ಲೂ ಅದೇ ಇದೆ. ಮರುದಿನವೇ ಕೊಡ ಎತ್ತಿಕೊಂಡು ಬಸ್ ಹತ್ತಿದೆ. "ಮುಂಜಾನೆ ಮುಂಜಾನೆ ಖಾಲಿ ಕೊಡ ಹಿಡಕೊಂಡು ಎದುರಿಗೆ ಬಂದ್ರಿ ಅಕ್ಕಾ, ಇವತ್ತ ಬಸ್ ಊರು ಮುಟ್ಟಿದಂಗೇ ಬಿಡ್ರಿ," ಎಂದು ಕಂಡಕ್ಟರ್ ಕಾಡಿಸಿದ. ಬಾಟಲಿಯ ನೀರನ್ನು ಅದರೊಳಗೆ ಸುರಿದು ಅವನ ಬಾಯಿ ಮುಚ್ಚಿಸಿದೆ.

ಹುಮನಾಬಾದಿನಲ್ಲಿ ನೀರು ಚೆಲ್ಲಿ, ಪಾತ್ರೆ ಅಂಗಡಿಗಳಲ್ಲಿ ಕೊಡದ ತಳ ತೋರಿಸುತ್ತ ಹೋದೆ. ಕಡೆಗೆ ಒಬ್ಬರು ಒಂದು ಗಲ್ಲಿಯ ಮನೆ ತೋರಿಸಿದರು. ಮುದ್ರೆಯ ಒಡೆಯರು ತೀರಿಕೊಂಡು ಬಹಳ ಕಾಲವಾಗಿತ್ತು. ವಯಸ್ಸಾದ ಮಗಳೊಬ್ಬರು ಇದ್ದರು. ನಾನು ಚಿಕ್ಕಮ್ಮ ಅನ್ನುವಂತೆ ಖಾಲಾ ಎಂದೇ ಕರೆದೆ. ಮೊಬೈಲಿನಲ್ಲಿ ಎಂಜಿನ್ ತೋರಿಸಿದಾಗ ಅವರ ಮುಖ ಸಣ್ಣದಾಯಿತು.

"ನೀವೂ ಗಾಲಿನೇ ನೋಡಾಕತ್ತೀರಿ," ಅಂದರು. "ನಮ್ಮ ಅಬ್ಬಾ ರೈಲ್ ನೋಡಿದ್ದು ಒಂದೇ ಸಲ, ಕಲಬುರಗಿ ಪ್ಲಾಟ್‌ಫಾರ್ಮ್ ಮ್ಯಾಲ ನಿಂತು. ಅಲ್ಲಿಂದ ಗಾಲಿ ಕೆಳಗಿಂದು ಕಾಣಂಗಿಲ್ಲ. ಡಬ್ಬಿ ಮುಚ್ಚಳದ ಅಂಚು ಹೊರಗಿಂದ ಹಿಡೀತದಲ್ಲ, ಹಂಗೇ ಇದೂ ಹಳಿ ಹಿಡೀತದ ಅಂತ ಮಾಡಿದ್ರು. ರೈಲ್ವೇದಾಗಿನಂವ ಒಬ್ಬ ನೋಡಿ ಮಂದಿ ಮುಂದ ನಕ್ಕ. ಆವತ್ತೇ ಅದನ್ನ ಯಾರಿಗೋ ಕೊಟ್ಟುಬಿಟ್ರು."

ಆಮೇಲೆ ನನ್ನ ಕೈ ಹಿಡಿದರು. "ಬೇಟಿ, ಗಾಲಿ ಬದಲಿ ಮಾಡಿಬಿಡ್ರಿ. ಮತ್ತ ಮಂದಿ ನಗೋದು ಬ್ಯಾಡ."

ಸಾಹೇಬರ ಜೊತೆ ಜಗಳಾಡಬಹುದು, ಇವರ ಜೊತೆ ಹೇಗೆ? ಉದ್ಘಾಟನೆಗೆ ತಪ್ಪದೆ ಬರಬೇಕು ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು, ಅದರ ಬೆನ್ನಿಗೇ ಹಟವೂ ಬಂತು. ಜೀವಮಾನವೆಲ್ಲ ಕೊಡ, ಡಬ್ಬಿ ಮಾಡಿದವರ ಲೆಕ್ಕ ಅದು. ಆ ಗಾಲಿಗೆ ತಕ್ಕ ಹಳಿಯನ್ನು ಯಾರೂ ಹಾಕಿರಲಿಲ್ಲ.

ಸಾಹೇಬರು ತರಿಸಿಟ್ಟಿದ್ದ ರೆಡಿಮೇಡ್ ಹಳಿಯನ್ನು ಬದಿಗಿಟ್ಟೆ. ಸಾಗವಾನಿ ಹಲಗೆಯ ಮೇಲೆ ಹಿತ್ತಾಳೆಯ ಎರಡು ಪಟ್ಟಿಗಳನ್ನು ಕೂಡಿಸಿದೆ, ಗಾಲಿಯ ಅಂಚುಗಳು ಅವನ್ನು ಹೊರಗಿನಿಂದ ಹಿಡಿಯುವಂತೆ. ಮೊದಲು ಬಿಗಿಯಾಯಿತು, ಕಿತ್ತೆ. ಆಮೇಲೆ ಸಡಿಲವಾಗಿ ಎಂಜಿನ್ ಅರ್ಧ ದಾರಿಯಲ್ಲೇ ಹಳಿಯಿಂದ ಜಾರಿತು, ಮತ್ತೆ ಕಿತ್ತೆ. ಬೆರಳುಗಳೆಲ್ಲ ತರಚಿಹೋದವು. ಸಾಹೇಬರು ಬಂದು ಇಣುಕಿ ನೋಡಿ ಹೋಗುತ್ತಿದ್ದರು. ಕಡೆಗೊಂದು ಮಧ್ಯಾಹ್ನ ಅವರೇ ತೋಳು ಮಡಚಿ ಹಲಗೆಯ ಆ ತುದಿ ಹಿಡಿದು ನಿಂತರು.

ಉದ್ಘಾಟನೆಗೆ ಖಾಲಾ ಬಂದರು. ಗಾಲಿ ಹಾಗೇ ಇರುವುದನ್ನು ಕಂಡು ಬಾಗಿಲಲ್ಲೇ ನಿಂತು ನನ್ನ ಮೇಲೆ ಕಣ್ಣು ಕೆಂಪು ಮಾಡಿದರು. ಕೈ ಹಿಡಿದು ಕರೆತಂದೆ.

"ನೀವೇ ದೂಡ್ರಿ, ಖಾಲಾ."

ಅಂಜುತ್ತಲೇ ಒಂದು ಬೆರಳಿನಿಂದ ದೂಡಿದರು. ಎಂಜಿನ್ ನೆಟ್ಟಗೆ ಆ ತುದಿಯವರೆಗೆ ಹೋಗಿ ನಿಂತಿತು. ನೋಡುತ್ತಿದ್ದ ಒಬ್ಬರು ಬಗ್ಗಿ, "ಇದರ ಅಂಚು ಹೊರಗ್ಯಾಕ ಅದರೀ?" ಎಂದು ಕೇಳಿದರು. ಉತ್ತರ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಖಾಲಾ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಡಬ್ಬಿ ಮುಚ್ಚಳ ನೋಡಿಲ್ಲೇನ್ರಿ?" ಅಂದರು. "ನಮ್ಮ ಅಬ್ಬಾ ಮಾಡಿದ್ದದು."