ಹಸಿರು ಬಟ್ಟೆಯ ಕೆಳಗಿನ ಶಹಾಬಾದಿ ಕಲ್ಲು

ಮುಂದಿನ ವಾರ ಅಳಿಯನ ತಮ್ಮನ ಮದುವೆ. ವರ್ಷಗಟ್ಟಲೆ ಬೆಳಕು ಕಾಣದ ನನ್ನ ಕರಿ ಕೋಟನ್ನು ಟ್ರಂಕಿನಿಂದ ತೆಗೆದೆ. ಜೇಬಿನಲ್ಲಿ ಹಳೆಯ ನುಸಿಗುಳಿಗೆ ಉಳಿದಿದೆಯೇನೋ ಎಂದು ಕೈ ಹಾಕಿದರೆ ಬೆರಳುಗಳು ನೀಲಿಯಾಗಿ ಹೊರಬಂದವು.

“ಏನ್ರೀ ಅದು? ಪೆನ್ನಿನ ಶಾಯಿ ಸೋರ್‍ಯಾದೇನು?” ಎಂದಳು ಹೆಂಡತಿ.

ಶಾಯಿಯಲ್ಲ. ಬೆಲ್ಲದ ಸಣ್ಣ ಅಚ್ಚಿನಷ್ಟಿರುವ ನೀಲಿ ಚಾಕಿನ ತುಂಡು. ಸ್ನೂಕರ್ ಆಡುವವರು ಕೋಲಿನ ತುದಿಗೆ ಇದನ್ನು ಉಜ್ಜಿಕೊಳ್ಳುತ್ತಾರೆ, ಹೊಡೆದಾಗ ಕೋಲು ಜಾರಬಾರದೆಂದು. ಇದನ್ನು ನನ್ನ ಕೈಗೆ ಕೊಟ್ಟವನು ಚಾಂದಪಾಶಾ. ಕೋಟು ಹಿಡಿದುಕೊಂಡು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಹದಿನೆಂಟು ವರ್ಷದಿಂದ ಯಾವ ಮಾತನ್ನು ಆಡಲೋ ಬೇಡವೋ ಎಂದು ನುಂಗಿಕೊಂಡಿದ್ದೆನೋ, ಅದು ಹೀಗೆ ಜೇಬಿನಿಂದ ಬಣ್ಣ ಬಿಟ್ಟುಕೊಂಡು ಬರಬೇಕೇ?

ಯಾದಗಿರಿಯಲ್ಲಿ ಸ್ನೂಕರ್ರೇ ಎಂದು ನೀವು ನಗಬಹುದು. ನಗಿ, ನಾನೂ ನಕ್ಕವನೇ. ಸ್ಟೇಷನ್ನಿನ ಹತ್ತಿರ ನಮ್ಮದೊಂದು ಕ್ಲಬ್ಬಿತ್ತು. ಅಲ್ಲಿ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ರೈಲಿನಲ್ಲಿ ಬಂದಿತೆಂದು ಹೇಳುವ ಒಂದು ಭಾರೀ ಮೇಜು. ಹಸಿರು ಬಟ್ಟೆಯ ಕೆಳಗೆ ಐದು ಕಲ್ಲಿನ ಹಲಗೆ. ನಾನು ಆಗ ಲೋಕೋಪಯೋಗಿಯಲ್ಲಿ ಇಂಜಿನಿಯರ್. ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದೆ, ಆಟ ಬರುತ್ತದೆಂದಲ್ಲ, ಸಹಿ ಚಂದ ಮಾಡುತ್ತೇನೆಂದು. ನಾನು ಕೋಲು ಹಿಡಿದರೆ ಚೆಂಡಿಗಿಂತ ಮೊದಲು ಹಿಂದೆ ನಿಂತವರು ತಪ್ಪಿಸಿಕೊಳ್ಳಬೇಕಾಗುತ್ತಿತ್ತು.

ಒಮ್ಮೆ ಮಾಳಿಗೆ ರಿಪೇರಿಯಲ್ಲಿ ತೊಲೆಯೊಂದು ಜಾರಿ ಬಿದ್ದು ಮೇಜಿನ ಒಂದು ತುದಿಯ ಹಲಗೆ ಸೀಳಿತು. ಅಂಥ ಕಲ್ಲು ಪರದೇಶದಿಂದಲೇ ಬರಬೇಕಂತೆ. ಸಭೆಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಎದ್ದು ನಿಂತವನು ಯಾರು? ನಾನೇ.

“ಕಲ್ಲಿನ ಸೀಮ್ಯಾಗ ಕೂತು ಪರದೇಶದ ಕಲ್ಲಿಗೆ ಕಾಯೂದೇನ್ರಿ? ನಮ್ಮ ಶಹಾಬಾದಿ ಏನ್ ಕಡಿಮಿ?”

ಚಪ್ಪಾಳೆ ಬಿದ್ದವು. ಬೀಳದೇನು! ನಮ್ಮ ಕಡೆ ಮನೆಯ ನೆಲ ಶಹಾಬಾದಿ, ಅಡಿಗೆ ಕಟ್ಟೆ ಶಹಾಬಾದಿ, ಬಚ್ಚಲು ಶಹಾಬಾದಿ. ಅದರ ಮೇಲೆ ಅನುಮಾನ ಪಡುವುದು ಮನೆಮಂದಿಯ ಮೇಲೆ ಅನುಮಾನ ಪಟ್ಟಂತೆ. ಕಲ್ಲು ತರಿಸಿ, ನುಣ್ಣಗೆ ಉಜ್ಜಿಸಿ, ಸಮತಟ್ಟಾಗಿದೆಯೇ ಎಂದು ನಾನೇ ರಸಮಟ್ಟ ಇಟ್ಟು ನೋಡಿದೆ. ಅದರ ಗಾಜಿನೊಳಗಿನ ಗುಳ್ಳೆ ನಡುವೆಯೇ ನಿಂತಿತ್ತು ಎಂದು ನನ್ನ ನೆನಪು. ನಿಂತಿತ್ತೋ, ನಿಲ್ಲಲಿ ಎಂದು ನಾನು ಬಯಸಿದ್ದೆನೋ, ಈಗ ಖಾತ್ರಿಯಿಲ್ಲ.

ಮೇಲೆ ಹೊಸ ಬಟ್ಟೆ ಎಳೆದರು. ಆ ಬಟ್ಟೆಗೆ ಇಸ್ತ್ರಿ ಮಾಡಬೇಕೆಂದು ಗೊತ್ತಾದಾಗ ಕ್ಲಬ್ಬೆಲ್ಲ ನಕ್ಕಿತು, ಆದರೆ ಅದು ಖರೆ. ಸ್ಟೇಷನ್ ರಸ್ತೆಯ ಇಸ್ತ್ರಿ ಅಂಗಡಿಯಿಂದ ಚಾಂದಪಾಶಾನನ್ನು ಕರೆಸಿದೆವು. ಇಪ್ಪತ್ತೆರಡರ ಸಣಕಲು ಆಳು. ಮೇಜಿನ ಸುತ್ತ ಒಂದು ಸುತ್ತು ಹಾಕಿ, “ಇದೇನ್ರಿ ಸಾಬ್, ಆನಿಗೆ ಹೊಲಿಸಿದ ಚಡ್ಡಿ ಇದ್ದಂಗ ಅದ?” ಎಂದ. ಇಸ್ತ್ರಿ ಮುಗಿಸಿ, ಕೋಲೊಂದನ್ನು ಸುಮ್ಮನೆ ಎತ್ತಿಕೊಂಡು, ಬಿಳಿ ಚೆಂಡಿನಿಂದ ಕೆಂಪು ಚೆಂಡನ್ನು ಮೂಲೆಯ ಜಾಳಿಗೆಗೆ ಹಾಕಿದ. ಇನ್ನೊಂದು ಹಾಕಿದ. ಎಲೆ ಹಾಕಿಕೊಳ್ಳುತ್ತಿದ್ದ ನಮ್ಮ ಖಜಾಂಚಿ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ.

ಮೂರೇ ವರ್ಷದಲ್ಲಿ ಆ ಮೇಜಿನ ಮೇಲೆ ಅವನನ್ನು ಸೋಲಿಸುವವರು ಯಾರೂ ಉಳಿಯಲಿಲ್ಲ. ಕಲಬುರಗಿಯಿಂದ, ರಾಯಚೂರಿನಿಂದ ಪಂಟರು ಬಂದರು. ಮೆಲ್ಲಗೆ ಹೊಡೆದ ಚೆಂಡು ಜಾಳಿಗೆಯ ಬಾಯಿಗೆ ಹೋಗಿ ಹೊರಳಿಕೊಳ್ಳುವುದನ್ನು ಕಂಡು ತಲೆ ಕೆರೆದುಕೊಂಡು ಹೋದರು. ಆಗಲೂ ನನಗೆ ಅನುಮಾನ ಬರಲಿಲ್ಲ ನೋಡಿ. ನಮ್ಮ ಹುಡುಗ ಗೆದ್ದಾನೆಂದು ಪೇಢೆ ಹಂಚಿದೆ. ಅವನು ಇಸ್ತ್ರಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಇದೇ ನನ್ನ ಕಸಬು ಎಂದು ವೃತ್ತಿ ಆಟಗಾರನಾದ. ಕೋಲಿನ ಉದ್ದ ಪೆಟ್ಟಿಗೆ ಹೆಗಲಿಗೇರಿಸಿ ರೈಲು ಹತ್ತಿದರೆ, ಬಂದೂಕು ಇರಬಹುದೆಂದು ಪಕ್ಕದವರು ಜಾಗ ಬಿಡುತ್ತಿದ್ದರಂತೆ.

ಮೊದಲ ಪಂದ್ಯಾವಳಿ ಬೆಂಗಳೂರಿನಲ್ಲಿ. ಸೋತು ಫೋನ್ ಮಾಡಿದ.

“ಸಾಬ್ರ, ಇಲ್ಲಿ ಟೇಬಲ್ ಸೊಟ್ಟ ಅದಾವ್ರಿ.”

“ಯಾವ್ದು?”

“ನಾಕೂ ಸೊಟ್ಟ ಅದಾವ್ರಿ. ಮೆಲ್ಲಕ ಹೊಡದ್ರ ಚೆಂಡು ಬಲಕ್ಕ ಉಳೀತದ.”

ಫೋನ್ ಇಟ್ಟವನೇ ಕ್ಲಬ್ಬಿಗೆ ನಡೆದೆ. ಮಧ್ಯಾಹ್ನ, ಯಾರೂ ಇರಲಿಲ್ಲ. ಶಹಾಬಾದಿ ಕಲ್ಲಿದ್ದ ತುದಿಯ ಕಡೆಗೆ ಒಂದು ಚೆಂಡನ್ನು ಕೈಯಿಂದ ಮೆಲ್ಲಗೆ ಉರುಳಿಸಿದೆ. ನೆಟ್ಟಗೆ ಹೋಯಿತು, ಕೊನೆಯಲ್ಲಿ ಎಡಕ್ಕೆ ವಾಲಿತು. ಮತ್ತೊಮ್ಮೆ ಉರುಳಿಸಿದೆ. ಮತ್ತೆ ಎಡಕ್ಕೆ. ಆ ವಾಲುವಿಕೆಗೆ ಸರಿಯಾಗಿ ಅವನು ಜಾಳಿಗೆಯ ಒಂದೆಳೆ ಬಲಕ್ಕೆ ಗುರಿ ಇಡುವುದನ್ನು ಕಲಿತಿದ್ದ. ಅದು ಅವನ ಕೈಗೆ ಅಂಟಿಬಿಟ್ಟಿತ್ತು. ಹಾಗಾಗಿ ಸರಿಯಾದ ಮೇಜುಗಳೆಲ್ಲ ಅವನಿಗೆ ಸೊಟ್ಟ ಕಂಡವು. ಚೆಂಡನ್ನು ಎತ್ತಿ ಮೊದಲಿನ ಜಾಗದಲ್ಲೇ ಇಟ್ಟು ಹೊರಬಂದೆ.

ಹೇಳಬೇಕಿತ್ತು. ಯಾಕೆ ಹೇಳಲಿಲ್ಲವೆಂದು ಕೇಳಿದರೆ ನನ್ನಲ್ಲಿ ಒಂದಲ್ಲ, ಮೂರು ಉತ್ತರಗಳಿವೆ, ಒಂದೂ ನೆಟ್ಟಗಿಲ್ಲ. ಹೇಳಿದರೆ ಇದ್ದ ಕೈಯೂ ಗಲಿಬಿಲಿಯಾದೀತು ಎಂದುಕೊಂಡೆ. ಆಡುತ್ತ ಆಡುತ್ತ ತಾನೇ ಸರಿಹೋದಾನು ಎಂದುಕೊಂಡೆ. ಇಂಜಿನಿಯರ್ ಇಟ್ಟ ಕಲ್ಲು ಓರೆ ಎಂದು ಊರು ನಕ್ಕೀತಲ್ಲ ಎಂದೂ ಅಂದುಕೊಂಡೆ; ಬಹುಶಃ ಇದೇ ಮೊದಲನೆಯದು, ನಾಚಿಕೆಗೆ ಹಿಂದೆ ಹಾಕಿದ್ದೇನೆ.

ಅವನೋ, ಸೋತಾಗಲೆಲ್ಲ ಯಾದಗಿರಿಗೆ ಬಂದು ಅದೇ ಮೇಜಿನ ಮೇಲೆ ಇನ್ನಷ್ಟು ಅಭ್ಯಾಸ ಮಾಡುತ್ತಿದ್ದ! ಬೆಂಗಳೂರಿನ ಕೋಚು ತಿದ್ದಿ ಕಳಿಸಿದ ಗುರಿಯನ್ನು ನಮ್ಮ ಕಲ್ಲು ಎಂಟು ದಿನದಲ್ಲಿ ಮತ್ತೆ ಕೆಡಿಸುತ್ತಿತ್ತು. “ಇಲ್ಲಿ ಬಂದ್ರ ಎಲ್ಲಾ ಬರೋಬ್ಬರಿ ಬೀಳ್ತಾವ್ರಿ. ಅಲ್ಲಿ ಹೋದ್ರ ಕೈಗೆ ಏನಾಗ್ತದೋ ತಿಳೀವಲ್ದು,” ಎನ್ನುತ್ತಿದ್ದ. ಕಲಬುರಗಿಯಲ್ಲಿ ಡಾಕ್ಟರಿಗೆ ಕಣ್ಣು ತೋರಿಸಿದ. ದರ್ಗಾದಿಂದ ತಾಯತ ತಂದು ಬಲತೋಳಿಗೆ ಕಟ್ಟಿಕೊಂಡ. ನಾನು ಎದುರು ಕೂತು ಚಹಾ ಕುಡಿಯುತ್ತ, “ಆಗ್ತದ ಬಿಡೋ” ಎನ್ನುತ್ತಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಐದನೆಯ ವರ್ಷ ಬೆಂಗಳೂರಿನಲ್ಲಿ ಒಂದು ಪಂದ್ಯ, ಗೆದ್ದರೆ ವೃತ್ತಿ ಆಟಗಾರರ ಪಟ್ಟಿಯಲ್ಲಿ ಉಳಿಯುವುದು, ಸೋತರೆ ಮನೆಗೆ. “ನೀವು ಬರ್ರಿ ಸಾಬ್, ನೀವಿದ್ರ ನಮ್ಮ ಕ್ಲಬ್ಬೇ ಬಂದಂಗ,” ಎಂದು ಕರೆದ. ಈ ಕೋಟು ಹಾಕಿಕೊಂಡು ಹೋದೆ. ಆಟಕ್ಕೆ ಮುಂಚೆ ತನ್ನ ಹಳೆಯ ನೀಲಿ ಚಾಕನ್ನು ನನ್ನ ಕೈಯಲ್ಲಿಟ್ಟು, “ದುವಾ ಮಾಡ್ರಿ” ಎಂದ.

ಚಲೋ ಆಡಿದ. ನಡುವೆ ಒಮ್ಮೆ ಬಗ್ಗಿದವನು ತಟ್ಟನೆ ಎದ್ದು ರೆಫ್ರಿಗೆ “ಫೌಲ್” ಎಂದ. ಅವನ ಅಂಗಿಯ ತೋಳು ಒಂದು ಚೆಂಡಿಗೆ ತಾಗಿತ್ತಂತೆ. ರೆಫ್ರಿ ನೋಡಿರಲಿಲ್ಲ, ಎದುರಾಳಿ ನೋಡಿರಲಿಲ್ಲ. ಈ ಆಟದಲ್ಲಿ ತನ್ನ ತಪ್ಪನ್ನು ತಾನೇ ಹೇಳುವುದು ರಿವಾಜು ಎಂದು ಪಕ್ಕದವರು ಪಿಸುಗುಟ್ಟಿದರು. ಜೇಬಿನೊಳಗಿನ ಚಾಕಿನ ತುಂಡನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕೊನೆಗೆ ಕರಿ ಚೆಂಡೊಂದೇ ಉಳಿಯಿತು, ಮೂಲೆಯ ಹತ್ತಿರ, ಮೆಲ್ಲಗೆ ತಳ್ಳಿದರೆ ಸಾಕು. ತಳ್ಳಿದ. ಅದು ಒಂದೆಳೆ ಬಲಕ್ಕೆ ಹೋಗಿ ಅಂಚಿಗೆ ಬಡಿದು ನಿಂತಿತು. ಎದುರಾಳಿ ಅದನ್ನು ಹಾಕಿದ. ಚಾಂದಪಾಶಾ ಕೈ ಕುಲುಕಿ ಬಂದು, “ನನ್ನ ಕೈಯೇ ಖರಾಬ್ ಅದ ಬಿಡ್ರಿ ಸಾಬ್” ಎಂದ.

ಆಮೇಲೆ ಅವನು ಕೋಲು ಮುಟ್ಟಲಿಲ್ಲ. ಶಹಾಪುರದಲ್ಲಿ ಇಸ್ತ್ರಿ ಅಂಗಡಿ ಹಾಕಿದ, ಅಲ್ಲೇ ಮದುವೆಯಾದ. ಕ್ಲಬ್ಬು ಮುಚ್ಚಿ ಮೇಜು ಬಿಚ್ಚಿದಾಗ ನಾನು ಆ ಶಹಾಬಾದಿ ಹಲಗೆಯನ್ನು ಮನೆಗೆ ಹೊರಿಸಿ ತಂದೆ. ಕಳ್ಳ ತನ್ನ ಹೆಜ್ಜೆ ಅಳಿಸಿದ ಹಾಗೆ. ಈಗಲೂ ಹಿತ್ತಲಲ್ಲಿ ಅದರ ಮೇಲೆ ನನ್ನ ಹೆಂಡತಿ ಬಟ್ಟೆ ಒಗೆಯುತ್ತಾಳೆ.

“ಕೋಟು ಇಸ್ತ್ರಿ ಮಾಡಿಸ್ಕೊಂಡು ಬರ್ತೀನಿ, ಶಹಾಪುರಕ್ಕ ಹೋಗಿ,” ಎಂದೆ.

“ಯಾದಗಿರ್‍ಯಾಗ ಇಸ್ತ್ರಿ ಅಂಗಡಿ ಸತ್ತು ಹೋಗ್ಯಾವೇನ್ರಿ?” ಎಂದಳು. ಕೋಟು ಮಡಚಿಕೊಂಡು ಬಸ್ಸು ಹತ್ತಿದೆ. ಭೀಮೆ ದಾಟುವಾಗ ಇಳಿದು ವಾಪಸು ಹೋಗಲೇ ಎಂದು ಎರಡು ಸಲ ಅನ್ನಿಸಿತು.

ಅವನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. “ಅರೆ ಇಂಜಿನಿಯರ್ ಸಾಬ್! ಬರ್ರಿ, ಕೂಡ್ರಿ,” ಎಂದು ಸ್ಟೂಲು ಒರೆಸಿದ. ನಾನು ಕೂಡಲಿಲ್ಲ. ಚಾಕನ್ನು ಅವನ ಮೇಜಿನ ಮೇಲಿಟ್ಟು, “ಚಾಂದಪಾಶಾ, ನಂದೊಂದು ಫೌಲ್ ಅದಪ್ಪ,” ಎಂದೆ. ಕಲ್ಲು, ರಸಮಟ್ಟ, ಫೋನು, ಎಲ್ಲ ಹೇಳಿದೆ. ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ತನ್ನ ಬಲಗೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡ.

“ಅಂದ್ರ, ನನ್ನ ಕೈಯಾಗ ಏನೂ ಐಬ್ ಇರಲಿಲ್ಲೇನ್ರಿ?”

“ಇರಲಿಲ್ಲಪ್ಪ. ಬೆಣ್ಣಿಯಂಥ ಕೈ ನಿಂದು.”

ಅವನು ಒಳಗೆ ತಿರುಗಿ ಹೆಂಡತಿಗೆ ಕೂಗಿದ: “ಸುನೇ ಕ್ಯಾ? ಮೇರಾ ಹಾತ್ ಅಚ್ಛಾಚ್ ಥಾ ಕತೆ!” ನನ್ನ ಕೈ ಚಲೋನೇ ಇತ್ತಂತೆ ಎಂದು. ಕೂಗುತ್ತಲೇ ಅತ್ತ. ಅಳುತ್ತಲೇ ನಕ್ಕ. ನಾನು ಬೈಗುಳಕ್ಕೆ ತಯಾರಾಗಿ ಬಂದವನು. ಈ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಪೆಚ್ಚಾಗಿ ನಿಂತೆ.

“ಬೈಯೋ ನನ್ನ. ನಿನ್ನ ಜಿಂದಗಿ ಹಾಳ ಮಾಡೀನಿ,” ಎಂದೆ.

“ಬೈತೀನ್ರಿ ಸಾಬ್, ಬಿಡಂಗಿಲ್ಲ. ನಾಳಿ ಫೋನ್ ಮಾಡಿ ಬೈತೀನಿ,” ಎಂದು ಕಣ್ಣೊರೆಸಿಕೊಂಡ. “ಇವತ್ತ ಭಾಳ ಖುಷಿ ಆಗ್ಯಾದ.”

ಕೋಟಿಗೆ ತಾನೇ ಇಸ್ತ್ರಿ ಮಾಡಿ ಕೊಟ್ಟ. ಅದು ಈಗ ಗೂಟಕ್ಕೆ ತೂಗುತ್ತಿದೆ, ಒಂದು ಗೆರೆಯೂ ಓರೆಯಿಲ್ಲ. ಹಿತ್ತಲಲ್ಲಿ ಹೆಂಡತಿ ಬಂಡೆಯ ಮೇಲೆ ನೀರು ಸುರಿಯುತ್ತಿದ್ದಾಳೆ. ಅದು ಎಡಕ್ಕೇ ಹರಿಯುತ್ತಿದೆ. ಶಹಾಪುರಕ್ಕೆ ಹೋಗಿ ಬಂದು ನಾಲ್ಕು ದಿನವಾಯಿತು. ಫೋನು ರಿಂಗಾದಾಗಲೆಲ್ಲ ಓಡಿ ಹೋಗಿ ಎತ್ತುತ್ತೇನೆ. ಅವನು ಇನ್ನೂ ಬೈದಿಲ್ಲ.